ಗೆಳೆಯರಿಗೆ ಅಂಕ ಕೊಟ್ಟಾಕೆ



ಗೆಳೆತನದ ವಿಷಯ ಬಂದರೆ ನಾವು ಕರ್ಣ ದುರ್ಯೋಧನರಿಂದಲೋ ಕೃಷ್ಣ ಸುದಾಮರಿಂದಲೋ ಮಾತು ಶುರುಮಾಡುವುದು ರೂಢಿ. ನಾನು ಒಂದು ಅಂಕಪಟ್ಟಿಯಿಂದ ಶುರುಮಾಡುತ್ತೇನೆ. ಲಂಡನ್ನಿನ ಹೊರಗೆ ಆಗ ಹಳ್ಳಿಯಾಗಿದ್ದ ಸ್ಟ್ರೆಥಮ್ ಎಂಬಲ್ಲಿ ಹೆಸ್ಟರ್ ಥ್ರೇಲ್ ಎಂಬ ಗೃಹಿಣಿ ಇದ್ದಳು. 1778ರ ಹೊತ್ತಿಗೆ ಆಕೆ ತನ್ನ ಮನೆಗೆ ಬಂದುಹೋಗುವ ಗಂಡಸರ ಹೆಸರುಗಳನ್ನು ದಿನಚರಿಯಲ್ಲಿ ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಒಂಬತ್ತು ಕಾಲಂ ಮಾಡಿ, ಒಂದೊಂದರಲ್ಲೂ ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕಿದಳು. ಧರ್ಮಶ್ರದ್ಧೆ, ನೀತಿ, ಪಾಂಡಿತ್ಯ, ಲೋಕಜ್ಞಾನ, ಆಕಾರ ಮತ್ತು ದನಿ, ನಡಾವಳಿ, ಮಾತಿನ ಚಮತ್ಕಾರ, ಹಾಸ್ಯ, ಕೊನೆಗೆ ಸಮಾಧಾನದ ಸ್ವಭಾವ.

ಆ ಮನೆಯ ಅತಿ ದೊಡ್ಡ ಅತಿಥಿ ಸ್ಯಾಮ್ಯುಯೆಲ್ ಜಾನ್ಸನ್. 1755ರಲ್ಲಿ ಇಂಗ್ಲಿಷಿನ ಮಹಾಕೋಶವನ್ನು ಹೊರತಂದು ಹೆಸರಾದವನು. ಅವನ ಸಾಲಿನಲ್ಲಿರುವ ಅಂಕಗಳು ಹೀಗಿವೆ: ಧರ್ಮಶ್ರದ್ಧೆಗೆ 20, ನೀತಿಗೆ 20, ಪಾಂಡಿತ್ಯಕ್ಕೆ 19, ಲೋಕಜ್ಞಾನಕ್ಕೆ 20, ಆಕಾರ ಮತ್ತು ದನಿಗೆ ಸೊನ್ನೆ, ನಡಾವಳಿಗೆ ಸೊನ್ನೆ, ಚಮತ್ಕಾರಕ್ಕೆ 15, ಹಾಸ್ಯಕ್ಕೆ 16, ಸಮಾಧಾನದ ಸ್ವಭಾವಕ್ಕೆ ಮತ್ತೆ ಸೊನ್ನೆ. ಜಾನ್ಸನ್ನನ ಬೆನ್ನುಹತ್ತಿ ಮುಂದೆ ಅವನ ಜೀವನಚರಿತ್ರೆ ಬರೆದ ಜೇಮ್ಸ್ ಬಾಸ್ವೆಲ್‌ಗೆ ಚಮತ್ಕಾರದಲ್ಲಿ ಬರಿಯ 7, ಸಮಾಧಾನದಲ್ಲಿ 19.

ಈ ಪಟ್ಟಿಯನ್ನು ಓದಿದಾಗ ಮೊದಲು ನಗು ಬರುತ್ತದೆ. ನಕ್ಕು ಮುಗಿದ ಮೇಲೂ ಆ ಸೊನ್ನೆಗಳು ಕಣ್ಣಿನ ಮುಂದೆಯೇ ಇರುತ್ತವೆ. ಇಲ್ಲಿ ಆಕೆ ಎರಡು ಕೆಲಸ ಮಾಡಿದ್ದಾಳೆ. ತಾನು ಅತ್ಯಂತ ಗೌರವಿಸಿದ ಮನುಷ್ಯನಿಗೆ ಮೂರು ಕಡೆ ಸೊನ್ನೆ ಹಾಕಿದ್ದಾಳೆ. ಆ ಮೂರು ಸೊನ್ನೆಗಳು ಪಕ್ಕದ ಇಪ್ಪತ್ತುಗಳನ್ನು ತಿನ್ನದಂತೆ ನೋಡಿಕೊಂಡಿದ್ದಾಳೆ. ಒಟ್ಟು ಎಷ್ಟು, ಪಾಸೋ ಫೇಲೋ ಎಂಬ ಲೆಕ್ಕ ಆಕೆಗೆ ಬೇಡವಾಗಿತ್ತು. ಒಬ್ಬ ಮನುಷ್ಯ ನೀತಿವಂತನೂ ಆಗಿರಬಹುದು, ಸಿಡುಕನೂ ಆಗಿರಬಹುದು. ಒಂದು ಗುಣದಿಂದ ಇನ್ನೊಂದನ್ನು ವಜಾ ಮಾಡುವ ಅಧಿಕಾರ ಗೆಳೆಯರಿಗಿಲ್ಲ ಎಂಬುದು ಆ ಪಟ್ಟಿಯ ಹಿಂದಿರುವ ತಿಳಿವಳಿಕೆ.

ಈಕೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ವೇಲ್ಸ್ ಸೀಮೆಯಲ್ಲಿ 1741ರಲ್ಲಿ ಹುಟ್ಟಿದವಳು. ಗಂಡ ಹೆನ್ರಿ ಥ್ರೇಲ್ ಸದರ್ಕ್‌ನಲ್ಲಿ ಬಿಯರ್ ತಯಾರಿಸುವ ದೊಡ್ಡ ಕಾರ್ಖಾನೆಯ ಒಡೆಯ, ಪಾರ್ಲಿಮೆಂಟಿನ ಸದಸ್ಯ. ಹನ್ನೆರಡು ಮಕ್ಕಳನ್ನು ಹೆತ್ತು, ದೊಡ್ಡವರಾಗಿ ಬದುಕಿದ್ದನ್ನು ನೋಡಿದ್ದು ನಾಲ್ವರನ್ನು ಮಾತ್ರ. 1776ರ ಮಾರ್ಚ್‌ನಲ್ಲಿ ಒಂಬತ್ತು ವರ್ಷದ ಮಗ ಹ್ಯಾರಿ ತೀರಿಕೊಂಡ. ಅದೇ ವರ್ಷ ಗಂಡ ಚರ್ಮದ ರಟ್ಟಿನ ಆರು ಖಾಲಿ ಪುಸ್ತಕಗಳನ್ನು ತಂದುಕೊಟ್ಟ. ರಟ್ಟಿನ ಮೇಲೆ ‘ಥ್ರೇಲಿಯಾನಾ’ ಎಂದು ಮೊದಲೇ ಅಚ್ಚಾಗಿತ್ತು. ಕೇಳಿದ್ದು, ಕಂಡದ್ದು, ತೋಚಿದ್ದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡು ಎಂದು ಜಾನ್ಸನ್ ಆಕೆಗೆ ಹೇಳುತ್ತಲೇ ಬಂದಿದ್ದ. ಸೆಪ್ಟೆಂಬರ್‌ನಲ್ಲಿ ಬರವಣಿಗೆ ಆರಂಭವಾಯಿತು, 1809ರ ತನಕ ನಡೆಯಿತು. ಅದರ ಪೂರ್ಣ ಪಾಠ ಆಕ್ಸ್‌ಫರ್ಡ್‌ನಿಂದ ಅಚ್ಚಾಗಿ ಬಂದದ್ದು 1942ರಲ್ಲಿ. ಅಷ್ಟು ಹೊತ್ತಿಗೆ ಅದರಲ್ಲಿ ಬೈಸಿಕೊಂಡವರ ಮೊಮ್ಮಕ್ಕಳ ಮೊಮ್ಮಕ್ಕಳೂ ಮುದುಕರಾಗಿದ್ದರು.

ಜಾನ್ಸನ್ನನಿಗೆ ಆ ಮನೆಯಲ್ಲಿ ಸ್ವಂತ ಕೋಣೆಯಿತ್ತು. ಹದಿನಾರು ವರ್ಷದಷ್ಟು ಕಾಲ ವಾರದ ಹಲವು ದಿನಗಳನ್ನು ಅಲ್ಲೇ ಕಳೆದ. ಒಂಟಿಯಾಗಿ ಮಲಗಲು ಹೆದರುತ್ತಿದ್ದ ಆ ದೊಡ್ಡ ದೇಹದ ಮನುಷ್ಯನಿಗೆ ಸರಿರಾತ್ರಿ ಕಳೆಯುವವರೆಗೂ ಚಹ ಮಾಡಿಕೊಡುತ್ತ, ಮಾತು ಕೇಳುತ್ತ ಕೂತವಳು ಈ ತಾಯಿ. ಆ ಕಾಲದ ಅತ್ಯುತ್ತಮ ಮಾತುಗಾರಿಕೆಯ ಹಿಂದೆ ಒಬ್ಬ ಹೆಂಗಸಿನ ನಿದ್ದೆಗೆಟ್ಟ ರಾತ್ರಿಗಳಿವೆ. ಸಾಹಿತ್ಯ ಚರಿತ್ರೆಗಳು ಇದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ.

ಮಾನ್ಯರೆ, ಚತುರ ಮಾತು ಒಬ್ಬನ ಗುಣಕ್ಕೆ ಸಾಕ್ಷಿಯಾಗಬಲ್ಲದೆ ಎಂಬುದು ಇಂದಿನ ಮುಖ್ಯ ಪ್ರಶ್ನೆ. ಇದಕ್ಕೆ ಥ್ರೇಲ್ ಬರಹದಲ್ಲೇ ಒಂದು ಒಳ್ಳೆಯ ಪರೀಕ್ಷೆ ಇದೆ. ಜಾನ್ಸನ್ 1784ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆಗ ಇಟಲಿಯಲ್ಲಿದ್ದ ಆಕೆ ತನ್ನ ನೆನಪುಗಳ ಒಂದು ಪುಸ್ತಕವನ್ನು ಸಿದ್ಧಪಡಿಸಿ 1786ರಲ್ಲಿ ಪ್ರಕಟಿಸಿದಳು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಅಮೆರಿಕದಲ್ಲಿ ಸತ್ತ ತನ್ನ ಸೋದರಸಂಬಂಧಿಯೊಬ್ಬನಿಗಾಗಿ ಆಕೆ ಮರುಗುತ್ತಿದ್ದಾಗ ಜಾನ್ಸನ್ ರೇಗಿ, ನಿನ್ನ ಬಂಧುಗಳನ್ನೆಲ್ಲ ಹಕ್ಕಿಗಳಂತೆ ಕಂಬಿಗೆ ಪೋಣಿಸಿ ಸುಟ್ಟು ಮನೆಯ ನಾಯಿಗೆ ಹಾಕಿದರೂ ಲೋಕಕ್ಕೇನು ನಷ್ಟ ಎಂಬರ್ಥದ ಮಾತಾಡಿದನಂತೆ. ಓದಿದವರಿಗೆ ಎದೆ ಝಲ್ಲೆನ್ನುತ್ತದೆ. ಸಾವಿನ ಮನೆಯಲ್ಲಿ ಆಡುವ ಮಾತೆ ಇದು?

ಐದು ವರ್ಷದ ಮೇಲೆ ಬಾಸ್ವೆಲ್ ತನ್ನ ಜೀವನಚರಿತ್ರೆಯಲ್ಲಿ ಅದೇ ಪ್ರಸಂಗವನ್ನು ಮತ್ತೊಮ್ಮೆ ಹೇಳಿದ. ಸಾಕ್ಷಿ ನುಡಿದವನು ಬರೆಟ್ಟಿ, ಆ ಮನೆಯ ಮಗಳಿಗೆ ಪಾಠ ಹೇಳುತ್ತಿದ್ದ ಇಟಲಿಯವನು. ಅವನ ಪ್ರಕಾರ ಆಕೆ ಊಟದ ಮೇಜಿನಲ್ಲಿ ಅದೇ ಹಕ್ಕಿಗಳ ಮಾಂಸವನ್ನು ಸೊಗಸಾಗಿ ಸವಿಯುತ್ತ, ನಡುವೆ ಚಾಕು ಮುಳ್ಳುಚಮಚ ಕೆಳಗಿಟ್ಟು, ಸಂಬಂಧಿಯ ತಲೆ ತೋಪಿನ ಗುಂಡಿಗೆ ಹಾರಿಹೋದ ಸುದ್ದಿಯನ್ನು ಪೇಟೆಯ ಸುದ್ದಿ ಹೇಳಿದ ಹಾಗೆ ಹಗುರವಾಗಿ ಹೇಳಿದಳು. ಜಾನ್ಸನ್ನನಿಗೆ ಸಿಟ್ಟು ಬಂದದ್ದು ಆ ಹಗುರತನಕ್ಕೆ. ಹಕ್ಕಿ ಕಂಬಿಯ ಮಾತು ಹುಟ್ಟಿದ್ದು ಆಕೆಯ ತಟ್ಟೆಯಿಂದಲೇ.

ಮಾತು ಒಂದೇ. ಮೊದಲನೆಯ ಕಥೆಯಲ್ಲಿ ಆಡಿದವನು ಕಟುಕ, ಎರಡನೆಯದರಲ್ಲಿ ಕೇಳಿಸಿಕೊಂಡವಳು ಕಲ್ಲೆದೆಯವಳು. ಯಾವುದು ನಿಜ? ಬರೆಟ್ಟಿ ಥ್ರೇಲ್ ಮೇಲೆ ಹಗೆ ಕಾರುತ್ತಿದ್ದವನು, ಪತ್ರಿಕೆಯಲ್ಲಿ ಬಹಿರಂಗವಾಗಿ ಆಕೆಯನ್ನು ಹಳಿದವನು. ಬಾಸ್ವೆಲ್‌ಗೂ ಆಕೆಗೂ ಜಾನ್ಸನ್ ಯಾರ ಪಾಲಿಗೆ ಹೆಚ್ಚು ಎಂಬ ಪೈಪೋಟಿ. ಹಾಗೆಂದು ಥ್ರೇಲ್ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಲೂ ಆಗದು; ತನ್ನ ತಟ್ಟೆಯಲ್ಲಿ ಏನಿತ್ತು ಎಂಬುದನ್ನು ಬರೆಯುವ ಹಂಗು ಆಕೆಗಿರಲಿಲ್ಲ. ನನಗನ್ನಿಸುವುದಿಷ್ಟು: ಚಾಟಿಯಂಥ ಮಾತನ್ನು ಅದು ಬಿದ್ದ ಜಾಗದಿಂದ ಕಿತ್ತು ತಂದರೆ ಅದರಿಂದ ಯಾರ ಗುಣವನ್ನೂ ಅಳೆಯಲಾಗದು. ಆಡಿದ ಮಾತಿನ ಜೊತೆ ಅದಕ್ಕೆ ಮುಂಚೆ ಏನಾಯಿತು, ಹೊಡೆಸಿಕೊಂಡವರು ತಿರುಗಿ ಏನೆಂದರು ಎಂಬುದೂ ಪುಟದ ಮೇಲೆ ಇರಬೇಕು. ಮರುಮಾತು ಇಲ್ಲದ ಚತುರೋಕ್ತಿ ಅರ್ಧ ದಾಖಲೆ.

ಈ ದೃಷ್ಟಿಯಿಂದ ನೋಡಿದರೆ ಬಾಸ್ವೆಲ್‌ನ 19 ಅಂಕಕ್ಕೆ ಬೇರೆಯೇ ತೂಕ ಬರುತ್ತದೆ. 1763ರ ಮೇ 16ರಂದು ಲಂಡನ್ನಿನ ಒಂದು ಪುಸ್ತಕದ ಅಂಗಡಿಯಲ್ಲಿ ಅವನು ಜಾನ್ಸನ್ನನನ್ನು ಮೊದಲ ಸಲ ಕಂಡ. ಸ್ಕಾಟ್ಲೆಂಡಿನವರನ್ನು ಕಂಡರೆ ಜಾನ್ಸನ್ನನಿಗೆ ಆಗದು. ತಾನು ಅಲ್ಲಿಯವನಾಗಿರುವುದು ತನ್ನ ಕೈಮೀರಿದ ಸಂಗತಿ ಎಂದು ಬಾಸ್ವೆಲ್ ತಡವರಿಸಿದ. ನಿನ್ನ ದೇಶದ ಬಹಳ ಜನರಿಗೆ ಆ ತೊಂದರೆ ಇದೆಯೆಂದು ಜಾನ್ಸನ್ ಅವನ ಬಾಯಿ ಮುಚ್ಚಿಸಿದ. ಇದನ್ನು ನಮಗೆ ಹೇಳಿದವರು ಯಾರು? ಬಾಯಿ ಮುಚ್ಚಿಸಿಕೊಂಡವನೇ. ತನಗಾದ ಮುಖಭಂಗವನ್ನು ತಾನೇ ಅಕ್ಷರ ಬಿಡದೆ ಬರೆದಿಡುವ ಸಮಾಧಾನ ಎಲ್ಲರಿಗೂ ಇರುವುದಿಲ್ಲ. ಅವನ ನಡತೆಯ ಬಗ್ಗೆ ಒಳ್ಳೆಯ ಮಾತಾಡುವುದು ಕಷ್ಟ. ಕುಡುಕ, ಹೆಣ್ಣುಬಾಕ, ಬೆನ್ನುಬಿಡದ ಬೇತಾಳ. ಆದರೂ ಆ ಒಂದು ಕಾಲಂನಲ್ಲಿ ಆಕೆ ಕೊಟ್ಟ ಅಂಕ ಸರಿಯಾಗಿದೆ. ಆಕೆ ಅವನ ಅಭಿಮಾನಿಯೇನಲ್ಲ ಎಂಬುದನ್ನು ನೆನೆದರೆ ಇನ್ನೂ ಸರಿಯೆನಿಸುತ್ತದೆ.

ಈಗ ಸ್ನೇಹ ಮುರಿದ ಸಂಗತಿಗೆ ಬರುತ್ತೇನೆ. 1781ರ ಏಪ್ರಿಲ್‌ನಲ್ಲಿ ಹೆನ್ರಿ ಥ್ರೇಲ್ ತೀರಿಕೊಂಡ. ವಿಧವೆಯಾದ ಹೆಸ್ಟರ್ ತನ್ನ ಮಗಳಿಗೆ ಸಂಗೀತ ಕಲಿಸುತ್ತಿದ್ದ ಗೇಬ್ರಿಯಲ್ ಪಿಯೊಟ್ಸಿಯನ್ನು ಮೆಚ್ಚಿದಳು. ಅವನು ಇಟಲಿಯವನು, ಕ್ಯಾಥೊಲಿಕ್, ಹಾಡಿ ಹೊಟ್ಟೆ ಹೊರೆಯುವವನು. ಅಂದಿನ ಇಂಗ್ಲೆಂಡಿಗೆ ಇವು ಮೂರೂ ಅಪರಾಧಗಳೆ. ಹೆಣ್ಣುಮಕ್ಕಳು ತಿರುಗಿಬಿದ್ದರು, ಗೆಳತಿಯರು ಮುಖ ತಿರುಗಿಸಿದರು, ಪತ್ರಿಕೆಗಳು ಗೇಲಿ ಮಾಡಿದವು. 1784ರ ಜೂನ್ ಕೊನೆಗೆ ಆಕೆ ಜಾನ್ಸನ್ನನಿಗೆ ಸುದ್ದಿ ತಿಳಿಸಿದಳು. ಜುಲೈ 2ರಂದು ಅವನು ಬರೆದ ಉತ್ತರದಲ್ಲಿ ನೀತಿಗೆ ಇಪ್ಪತ್ತು ಪಡೆದವನು ಎಲ್ಲೂ ಕಾಣುವುದಿಲ್ಲ, ಸಮಾಧಾನಕ್ಕೆ ಸೊನ್ನೆ ಪಡೆದವನೇ ಉದ್ದಕ್ಕೂ ಕಾಣುತ್ತಾನೆ. ಮಕ್ಕಳನ್ನೂ ಧರ್ಮವನ್ನೂ ಬಿಟ್ಟವಳೆಂದು ಅವನು ಆಕೆಯನ್ನು ಜರಿದಿದ್ದಾನೆ.

ಆಕೆ ಅಳುತ್ತ ಕೂರಲಿಲ್ಲ. ಎರಡೇ ದಿನದಲ್ಲಿ ಮರುಮಾತು ಬರೆದಳು. ಎರಡನೆಯ ಗಂಡನ ಹುಟ್ಟು ಮೊದಲನೆಯವನಿಗಿಂತ ಕೀಳಲ್ಲ, ಅವನ ಕಸುಬೂ ಕೀಳಲ್ಲ, ಸಂಪತ್ತು ಕಡಿಮೆ ಅಷ್ಟೆ. ನನ್ನ ಹೆಸರಿಗೆ ಕಲೆಯಿಲ್ಲ. ಪಿಯೊಟ್ಸಿಯ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬದಲಾಗುವ ತನಕ ನಮ್ಮ ಪತ್ರವ್ಯವಹಾರ ಸಾಕು. ಅದರ ಧಾಟಿ ಹೀಗಿದೆ. ಚಮತ್ಕಾರವನ್ನು ಬದುಕಿನುದ್ದಕ್ಕೂ ಪ್ರೀತಿಸಿದ ಹೆಂಗಸು, ತನ್ನ ಬಾಳಿನ ಅತಿ ಮುಖ್ಯ ಪತ್ರದಲ್ಲಿ ಒಂದೇ ಒಂದು ಚಮತ್ಕಾರ ಮಾಡಲಿಲ್ಲ. ಜುಲೈ 8ರಂದು ಜಾನ್ಸನ್ ಮತ್ತೆ ಬರೆದ. ಈ ಸಲ ದನಿ ತಗ್ಗಿದೆ, ಹಳೆಯ ಉಪಕಾರಗಳ ಸ್ಮರಣೆಯಿದೆ, ಹರಕೆಯಿದೆ. ಆ ತಿಂಗಳ 23ರಂದು ಮದುವೆಯಾಯಿತು. ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಈ ನಾಲ್ಕು ಪತ್ರಗಳಲ್ಲಿ ಯಾವುದಾದರೂ ಒಂದೇ ಉಳಿದಿದ್ದರೆ ಜಾನ್ಸನ್ ಬಗೆಗೋ ಥ್ರೇಲ್ ಬಗೆಗೋ ನಾವು ತಪ್ಪು ತೀರ್ಪು ಕೊಡುತ್ತಿದ್ದೆವು. ನಾಲ್ಕೂ ಉಳಿದಿರುವುದರಿಂದ ಇಬ್ಬರೂ ಪೂರ್ತಿ ಮನುಷ್ಯರಾಗಿ ಕಾಣುತ್ತಾರೆ.

ಇದೆಲ್ಲ ದೂರದೇಶದ ಮಾತಾಯಿತು, ನಮ್ಮ ನೆಲದಲ್ಲಿ ಏನಿದೆ ಎಂದು ತಾವು ಕೇಳಬಹುದು. ಇದೆ, ಮತ್ತು ಹತ್ತಿರದಲ್ಲೇ ಇದೆ. ಗೂಳೂರು ಎಂದರೆ ನಮ್ಮ ಜಿಲ್ಲೆಯವರಿಗೆಲ್ಲ ದೊಡ್ಡ ಗಣಪತಿ ನೆನಪಾಗುತ್ತಾನೆ. ಅದೇ ಗೂಳೂರಿನ ಸಿದ್ಧವೀರಣ್ಣೊಡೆಯರು ಸಂಪಾದಿಸಿದ ಶೂನ್ಯಸಂಪಾದನೆ ಅಷ್ಟಾಗಿ ನೆನಪಾಗುವುದಿಲ್ಲ. ಶೂನ್ಯಸಂಪಾದನೆಯ ನಾಲ್ಕು ಪಾಠಗಳು ನಮಗೆ ದೊರೆತಿವೆ. ಗೂಳೂರಿನದು ಅವುಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು. ಅದನ್ನು ಅನುಭಾವದ ಗ್ರಂಥವಾಗಿ ಓದುವುದು ಸರಿಯೆ. ಇವತ್ತಿನ ಮಟ್ಟಿಗೆ ಅದನ್ನು ಮಾತುಕತೆಯ ದಾಖಲೆಯಾಗಿ ನೋಡಲು ಅಪ್ಪಣೆ ಕೊಡಿ.

ಅಲ್ಲಿ ಅಲ್ಲಮಪ್ರಭು ಯಾರನ್ನೂ ಸುಮ್ಮನೆ ಒಪ್ಪುವವನಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಕೆಣಕಿ ಒಡ್ಡರಿಂದ ಕಲ್ಲೇಟಿಗೆ ಗುರಿಯಾಗುತ್ತಾನೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖಿಸುತ್ತಿರುವ ಮುಕ್ತಾಯಕ್ಕನನ್ನು ಆ ದುಃಖದ ನಡುವೆಯೇ ಪ್ರಶ್ನಿಸುತ್ತಾನೆ. ಥ್ರೇಲ್ ಅವನ ಹೆಸರನ್ನೂ ಪಟ್ಟಿಗೆ ಸೇರಿಸಿದ್ದರೆ ಸಮಾಧಾನದ ಕಾಲಂನಲ್ಲಿ ಎಷ್ಟು ಹಾಕುತ್ತಿದ್ದಳೋ! ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅವನು ಕೇಳುವ ಪ್ರಶ್ನೆಗಳಂತೂ ನಮ್ಮ ಕಾಲದ ಸಭ್ಯತೆಗೆ ನಿಲುಕುವಂಥವಲ್ಲ. ಗಂಡನ ಕುರುಹು ಹೇಳು ಎನ್ನುತ್ತಾನೆ. ಉಡುಗೆ ಬಿಟ್ಟವಳಿಗೆ ಕೂದಲಿನ ಮರೆ ಏತಕ್ಕೆ ಎನ್ನುತ್ತಾನೆ.

ಸಂಪಾದನಕಾರನ ದೊಡ್ಡತನ ಇರುವುದು ಇಲ್ಲಿ. ಅಕ್ಕನ ಉತ್ತರವನ್ನು ಅವನು ಪ್ರಶ್ನೆಯಷ್ಟೇ ಎತ್ತರದಲ್ಲಿ ನಿಲ್ಲಿಸುತ್ತಾನೆ. ಮರೆ ತನಗಾಗಿ ಅಲ್ಲ, ನೋಡುವ ನಿಮಗೆ ನೋವಾದೀತೆಂದು ಎಂಬರ್ಥದ ಆಕೆಯ ಮಾತಿನ ಮುಂದೆ ಕೇಳಿದವನ ಚಾತುರ್ಯ ಅಲ್ಲಿಗೇ ನಿಲ್ಲುತ್ತದೆ. ಕೊನೆಗೆ ಅವನೂ ಸೇರಿ ಎಲ್ಲ ಶರಣರೂ ಆಕೆಗೆ ಶರಣೆನ್ನುತ್ತಾರೆ. ಮುಕ್ತಾಯಕ್ಕನೂ ಬಾಯಿ ಮುಚ್ಚಿ ಕೇಳುವವಳಲ್ಲ, ಮಾತಿಗೆ ಮಾತು ಕೊಡುತ್ತಾಳೆ. ಆಯ್ದಕ್ಕಿ ಲಕ್ಕಮ್ಮ ಹೆಚ್ಚಿಗೆ ಅಕ್ಕಿ ಆಯ್ದು ತಂದ ಗಂಡನನ್ನು ಗದರಿ ಅದನ್ನು ಇದ್ದಲ್ಲಿಗೇ ಕಳಿಸುತ್ತಾಳೆ. ಹನ್ನೆರಡನೆಯ ಶತಮಾನದ ಶರಣರಿಗೂ ಈ ಸಂಪಾದನೆಗೂ ನಡುವೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಇದು ದಿನಚರಿಯಲ್ಲ, ನಡೆದದ್ದರ ವರದಿಯೂ ಅಲ್ಲ. ಹಾಗಿದ್ದೂ ಕಟುವಾದ ಮಾತನ್ನು ಮೆದುಗೊಳಿಸಲಿಲ್ಲ, ಮರುಮಾತನ್ನು ನುಂಗಲಿಲ್ಲ. ಕಾಲದ ದೂರವೊಂದೇ ಬರಹವನ್ನು ನಯಗೊಳಿಸುವುದಿಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹೊಸಗನ್ನಡದಲ್ಲಿ ಈ ಬಗೆಯ ಬರಹದ ಶಿಖರ ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’. ಎಂಟು ಸಂಪುಟ. ದಿವಾನರಿದ್ದಾರೆ, ಸಂಗೀತಗಾರರಿದ್ದಾರೆ, ವೈದಿಕರಿದ್ದಾರೆ, ‘ಹೃದಯ ಸಂಪನ್ನರು’ ಎಂಬ ಸಂಪುಟದಲ್ಲಿ ಚರಿತ್ರೆ ಲೆಕ್ಕಕ್ಕೆ ಹಿಡಿಯದ ಸಾಮಾನ್ಯರೂ ಇದ್ದಾರೆ. ಬಡತನ, ಊಟೋಪಚಾರ, ಹರಟೆ, ಮಡಿ, ಸಾಲ ಇವುಗಳ ನಡುವೆ ಒಬ್ಬೊಬ್ಬರ ಮಾತೂ ತನ್ನ ಜಾಗದಲ್ಲೇ ಕೇಳಿಸುತ್ತದೆ. ತಟ್ಟೆಯಲ್ಲಿ ಏನಿತ್ತು ಎಂಬುದನ್ನು ಗುಂಡಪ್ಪನವರು ಮರೆಯುವವರಲ್ಲ. ಅದು ಅವರ ಕಲೆ. ಆದರೆ ಅವರು ಬಹುಮಟ್ಟಿಗೆ ಹಿರಿಯರ ಮುಂದೆ ಕೈಕಟ್ಟಿ ನಿಂತು ಕೇಳಿದವರು, ಮತ್ತು ಬರೆದದ್ದು ಇಳಿವಯಸ್ಸಿನಲ್ಲಿ, ಚಿತ್ರಿತರಾದವರಲ್ಲಿ ಬಹಳ ಜನ ಕಣ್ಮರೆಯಾದ ಮೇಲೆ. ಕೃತಜ್ಞತೆ ಆ ಪುಟಗಳ ಸೊಗಸು. ಅದೇ ಕೃತಜ್ಞತೆ ಸೊನ್ನೆಯ ಕಾಲಂ ಅನ್ನು ಬಿಟ್ಟುಬಿಡುತ್ತದೆ. ಗುಂಡಪ್ಪನವರಿಗೆ ಅದು ಆಯ್ಕೆಯಾಗಿತ್ತು. ಅವರ ನಂತರದವರು ಅದನ್ನು ಅಭ್ಯಾಸ ಮಾಡಿಕೊಂಡರು. ಅಭಿನಂದನ ಗ್ರಂಥಗಳ ರಾಶಿಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಪಡೆಯದವರೇ ಇಲ್ಲ. ಅಲ್ಲಿ ಯಾರೂ ಯಾರಿಗೂ ಮರುಮಾತಾಡುವುದಿಲ್ಲ.

ಟಿ.ಪಿ. ಕೈಲಾಸಂ ಅವರಿಗೆ ಆದದ್ದು ಇನ್ನೊಂದು ಬಗೆಯ ಅನ್ಯಾಯ. 1946ರಲ್ಲಿ ತೀರಿಕೊಂಡ ಆ ಪ್ರತಿಭಾವಂತ ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದು, ಕನ್ನಡ ರಂಗಭೂಮಿಗೆ ಮನೆಮಾತನ್ನು ತಂದವರು. ಹೇಳಿ ಬರೆಸುವುದೇ ಹೆಚ್ಚು, ತಾವಾಗಿ ಕೂತು ಬರೆದದ್ದು ಕಡಿಮೆ. ಹಾಗಾಗಿ ಅವರ ಚಟಾಕಿಗಳು ಗೆಳೆಯರ ನೆನಪಿನಲ್ಲಿ ಉಳಿದವು, ಬೆಳೆದವು. ಹಿಂದೆ ತೆನಾಲಿ ರಾಮಕೃಷ್ಣನ ತಲೆಗೆ ಕಟ್ಟುತ್ತಿದ್ದ ಹಾಗೆ ಈಗ ಹೇಳಿದವರು ಯಾರೆಂದು ತಿಳಿಯದ ಚತುರೋಕ್ತಿಯನ್ನೆಲ್ಲ ಕೈಲಾಸಂ ತಲೆಗೆ ಕಟ್ಟುತ್ತೇವೆ. ಆ ಮಾತು ಕೇಳಿದ ಎದುರಿನವನು ಏನೆಂದ ಎಂಬುದು ಆ ಕಥೆಗಳಲ್ಲಿ ಇರುವುದು ಅಪರೂಪ. ನಗೆಯ ಪುಸ್ತಕಗಳಲ್ಲಿ ಕೈಲಾಸಂ ಇದ್ದಾರೆ; ‘ಟೊಳ್ಳುಗಟ್ಟಿ’ ಬರೆದ, ಮನೆಯೊಳಗಿನ ಟೊಳ್ಳನ್ನು ಕಂಡು ನೊಂದ ಮನುಷ್ಯನನ್ನು ಆ ನಗೆಯಲ್ಲಿ ಹುಡುಕಬೇಕಾಗುತ್ತದೆ.

ಮಾತಿನ ಚಮಕಿಲ್ಲದ ಸ್ನೇಹವೂ ನಮ್ಮಲ್ಲಿ ದೊಡ್ಡದಾಗಿ ಬಾಳಿದೆ. ಎ.ಆರ್. ಕೃಷ್ಣಶಾಸ್ತ್ರಿ, ಟಿ.ಎಸ್. ವೆಂಕಣ್ಣಯ್ಯ ಇಬ್ಬರನ್ನೂ ಕನ್ನಡದ ಅಶ್ವಿನೀದೇವತೆಗಳು ಎಂದು ಕರೆದರು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಪ್ರಕಟವಾದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ತಮ್ಮ ಗುರುವಾಗಿದ್ದ ಆ ವೆಂಕಣ್ಣಯ್ಯನವರಿಗೆ. ಇಂಥ ಸ್ನೇಹಕ್ಕೆ ಥ್ರೇಲ್‌ನ ಪಟ್ಟಿಯಲ್ಲಿ ಕಾಲಂ ಇಲ್ಲ. ಆಕೆಯ ಅಳತೆಗೋಲು ಬೈಠಕ್‌ಖಾನೆಯದು. ಅಲ್ಲಿ ಮಾತಾಡದವರಿಗೆ ಅಂಕ ಸಿಗುವುದಿಲ್ಲ.

ಅದರ ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಹೆಂಗಸರಿಗಾಗಿ ಆಕೆ ಬೇರೆಯೇ ಪಟ್ಟಿ ಮಾಡಿದಳು. ಅದರಲ್ಲಿ ಹೃದಯದ ಯೋಗ್ಯತೆ, ಸಂಭಾಷಣೆಯ ಶಕ್ತಿ, ರೂಪ ಮತ್ತು ನಡಾವಳಿ, ಸಮಾಧಾನ, ಉಪಯುಕ್ತ ತಿಳಿವಳಿಕೆ, ಅಲಂಕಾರದ ತಿಳಿವಳಿಕೆ ಇವೆ. ಪಾಂಡಿತ್ಯ ಮಾಯವಾಗಿದೆ, ಚಮತ್ಕಾರವೂ ಹಾಸ್ಯವೂ ಮಾಯವಾಗಿವೆ. ತಾನೇ ಆ ಕಾಲದ ಅತಿ ಚುರುಕಿನ ನಾಲಿಗೆಗಳಲ್ಲಿ ಒಂದಾಗಿದ್ದವಳು ತನ್ನಂಥವರಿಗೆ ಆ ಕಾಲಂ ಬೇಡವೆಂದುಕೊಂಡಳು. ಗೂಳೂರಿನ ಸಂಪಾದನೆ ಈ ಒಂದು ವಿಷಯದಲ್ಲಿ ಸ್ಟ್ರೆಥಮ್ಮಿಗಿಂತ ಮುಂದಿತ್ತು. ಅಲ್ಲಿ ಅಲ್ಲಮನಿಗೂ ಅಕ್ಕನಿಗೂ ಪ್ರಶ್ನೆಪತ್ರಿಕೆ ಒಂದೇ.

ನಮ್ಮಲ್ಲಿ ದಿನಚರಿಯೂ ನೆನಪೂ ಒಂದೇ ಪುಸ್ತಕದಲ್ಲಿ ಮುಖಾಮುಖಿಯಾದದ್ದು ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’. ಯೌವನದಲ್ಲಿ ಬರೆದಿಟ್ಟ ದಿನಚರಿಯ ಪುಟಗಳನ್ನು ಅವರು ಹಾಗೆಹಾಗೆಯೇ ಕೊಟ್ಟು, ಅವುಗಳ ಕೆಳಗೆ ವೃದ್ಧ ಕವಿಯಾಗಿ ವಿವರಣೆ ಬರೆಯುತ್ತಾರೆ. ಹುಡುಗ ಒಂದು ಹೇಳುತ್ತಾನೆ, ಮುದುಕ ಇನ್ನೊಂದು ಹೇಳುತ್ತಾರೆ. ಕೆಲವೊಮ್ಮೆ ಮುದುಕರಿಗೆ ಹುಡುಗನ ಮಾತಿನ ಸಂದರ್ಭವೇ ಮರೆತುಹೋಗಿರುತ್ತದೆ. ಒಬ್ಬನೇ ಮನುಷ್ಯ ತನಗೆ ತಾನೇ ಮರುಮಾತು ಕೊಟ್ಟುಕೊಳ್ಳುವ ಈ ಕ್ರಮಕ್ಕೆ ಕನ್ನಡ ವಿಮರ್ಶೆ ಸಲ್ಲಬೇಕಾದಷ್ಟು ಗಮನ ಕೊಟ್ಟಿಲ್ಲವೆಂದು ನನ್ನ ಎಣಿಕೆ.

ಕೊನೆಗೆ ಈ ಸಿ.ಎಸ್. ಪುರ ಹೋಬಳಿಯವರಲ್ಲಿ ಒಂದು ಬಿನ್ನಹ. ಹಿಂದಿನ ತಲೆಮಾರಿನ ಮೇಷ್ಟ್ರುಗಳು, ಶ್ಯಾನುಭೋಗರು, ತೆಂಗಿನಕಾಯಿ ವ್ಯಾಪಾರಿಗಳು, ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು ಬ್ಯಾಂಕಿನವರೋ ಸೊಸೈಟಿಯವರೋ ಹೊಸ ವರ್ಷಕ್ಕೆ ಕೊಟ್ಟ ಡೈರಿಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಕಾಯಿ ಎಷ್ಟಕ್ಕೆ ಹೋಯಿತು, ಕೂಲಿ ಎಷ್ಟು ಕೊಟ್ಟೆ ಎಂಬುದರ ನಡುವೆ ಯಾರ ಜೊತೆ ಮಾತು ಬಿಟ್ಟೆ, ಯಾರು ಪಂಚಾಯ್ತಿ ಕಟ್ಟೆಯ ಮೇಲೆ ಏನಂದ, ಅದಕ್ಕೆ ತಾನೇನಂದೆ ಎಂಬ ಸಾಲುಗಳೂ ಇರುತ್ತವೆ. ಅಟ್ಟ ಗುಡಿಸಿದಾಗ ಇವು ಗುಜರಿಗೆ ಹೋಗುತ್ತಿವೆ. ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಗ್ರಂಥಾಲಯಕ್ಕೋ ಕೊಟ್ಟರೆ ಓದುವವರು ಇದ್ದಾರೆ. ಕೊಡುವ ಮುಂಚೆ ಮನೆಯವರು ಒಮ್ಮೆ ತಿರುವಿಹಾಕುವುದು ಸಹಜ; ಅಜ್ಜ ಯಾರನ್ನೋ ಬೈದ ಪುಟ ಸಿಕ್ಕೀತು, ಅಜ್ಜನನ್ನೇ ಯಾರೋ ಬೈದ ಪುಟವೂ ಸಿಕ್ಕೀತು. ಎರಡನ್ನೂ ಹರಿಯದೆ ಕೊಡಿ.